ಬೆಳ್ಳಕ್ಕಿ ಎಷ್ಟು ಥರ?

ಬೈನಾಕ್ಯುಲರ್ ಕೊಂಡವರು ಒಂದು ವಾರದೊಳಗೆ ಕೇಳೋ ಪ್ರಶ್ನೆ ಒಂದೇ: "ಪುಸ್ತಕ ಯಾವುದು ತಗೊಳ್ಲಿ?" ನಮ್ಮ ಆಫೀಸಿನಲ್ಲಿ ಈ ಪ್ರಶ್ನೆ ಸೀದಾ ನನ್ನ ಮೇಜಿಗೆ ಬರುತ್ತೆ. ಯಾಕಂದ್ರೆ ಮಾನಿಟರ್ ಎತ್ತರಿಸೋಕೆ ಎಲ್ಲರೂ ಎ4 ಕಾಗದದ ಬಂಡಲ್ ಇಟ್ಕೊಂಡಿದ್ರೆ ನಾನು ಇಟ್ಕೊಂಡಿರೋದು ಎರಡು ದಪ್ಪ ಹಕ್ಕಿ ಪುಸ್ತಕ. ನಾನು ಬಾಯಿ ತೆರೆಯೋದ್ರೊಳಗೆ ಸುತ್ತಮುತ್ತಲಿಂದ ಉತ್ತರಗಳು ಬಂದುಬಿಡ್ತವೆ. "ಗ್ರಿಮ್ಮೆಟ್ ತಗೋ ಗುರು, ಅದೇ ಬೈಬಲ್ಲು." "ಸಲೀಂ ಅಲಿ ಇಲ್ಲದೆ ಹಕ್ಕಿ ನೋಡೋದಾ?" "ಪುಸ್ತಕ ಯಾಕೆ, ಆಪ್ ಹಾಕ್ಕೋ."

ಮೂರೂ ಉತ್ತರಗಳಿಗೆ ಕಾರಣ ಇದೆ, ಮೂರಕ್ಕೂ ಕೊರತೆಯೂ ಇದೆ. ಆದ್ರೆ ಯಾರೂ ಕಾರಣ ಹೇಳಲ್ಲ, ಹೆಸರು ಮಾತ್ರ ಹೇಳ್ತಾರೆ. ಮೊಬೈಲ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ, ಪ್ರೊಸೆಸರ್ ಅಂತ ನಾಲ್ಕು ದಿನ ತಲೆ ಕೆಡಿಸಿಕೊಳ್ಳೋ ನಾವು ಹಕ್ಕಿ ಪುಸ್ತಕವನ್ನ ಮಾತ್ರ ಯಾರೋ ಹೇಳಿದ್ರು ಅಂತ ತಗೊಂಡು ಬರ್ತೀವಿ. ಆಮೇಲೆ ಅದು ಕಾಫಿ ಟೇಬಲ್ ಮೇಲೆ ಕೂರುತ್ತೆ.

ನನ್ನದೊಂದು ಪರೀಕ್ಷೆ ಇದೆ. ಅಂಗಡಿಯಲ್ಲಿ ಪುಸ್ತಕ ಕೈಗೆ ತಗೊಂಡ ಕೂಡಲೇ ನವಿಲು, ಮಿಂಚುಳ್ಳಿ ಇರೋ ಪುಟ ನೋಡಬೇಡಿ. ಅವು ಯಾವ ಪುಸ್ತಕದಲ್ಲಾದ್ರೂ ಚೆನ್ನಾಗೇ ಇರ್ತವೆ, ಮತ್ತೆ ಅವನ್ನ ಗುರುತಿಸೋಕೆ ಪುಸ್ತಕವೇ ಬೇಕಾಗಿಲ್ಲ. ಬೆಳ್ಳಕ್ಕಿ ಪುಟ ತೆಗೀರಿ.

ಅರಸೀಕೆರೆ ಕಡೆಯ ನಮ್ಮೂರಲ್ಲಿ ಬೆಳ್ಳಗಿದ್ದು ಉದ್ದ ಕಾಲಿದ್ರೆ ಅದು ಬೆಳ್ಳಕ್ಕಿ, ಮುಗೀತು. ಟ್ರ್ಯಾಕ್ಟರ್ ಹಿಂದೆ ಸಾಲಾಗಿ ಬರೋದೂ ಬೆಳ್ಳಕ್ಕಿ, ಕೆರೆಯಲ್ಲಿ ಒಂಟಿಯಾಗಿ ಧ್ಯಾನಕ್ಕೆ ನಿಂತಿರೋದೂ ಬೆಳ್ಳಕ್ಕಿ. ಪುಸ್ತಕದ ಲೆಕ್ಕದಲ್ಲಿ ಅಲ್ಲಿ ನಾಲ್ಕು ಬೇರೆ ಬೇರೆ ಹಕ್ಕಿಗಳಿವೆ. ದನದ ಹಿಂದೆ, ಟ್ರ್ಯಾಕ್ಟರ್ ಹಿಂದೆ ಬರೋದು ಗಿಡ್ಡ ಹಳದಿ ಕೊಕ್ಕಿನದು. ಮರಿ ಮಾಡೋ ಕಾಲಕ್ಕೆ ಅದರ ತಲೆ, ಕತ್ತು, ಬೆನ್ನಿಗೆ ಕಾವಿ ಬಣ್ಣ ಬರುತ್ತೆ. ಸಣ್ಣ ಬೆಳ್ಳಕ್ಕಿಗೆ ಕೊಕ್ಕೂ ಕಪ್ಪು, ಕಾಲೂ ಕಪ್ಪು, ಆದ್ರೆ ಪಾದ ಮಾತ್ರ ಹಳದಿ. ಕರೀ ಪ್ಯಾಂಟಿಗೆ ಹಳದಿ ಸಾಕ್ಸ್ ಹಾಕಿದ ಹಾಗೆ. ಕಷ್ಟ ಶುರುವಾಗೋದು ಇನ್ನೆರಡರಲ್ಲಿ, ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳಲ್ಲಿ. ಎರಡೂ ಅಕ್ಕಪಕ್ಕ ನಿಂತಿದ್ರೆ ಸರಿ, ಒಂದೇ ನಿಂತಿದ್ರೆ ಅದು ದೊಡ್ಡದೋ ಮಧ್ಯಮವೋ ಹೇಗೆ ಹೇಳ್ತೀರಿ? ಕೊಕ್ಕಿನ ಬಣ್ಣವನ್ನ ನಂಬೋಹಾಗಿಲ್ಲ, ಮರಿ ಮಾಡೋ ಕಾಲದಲ್ಲಿ ಎರಡರದ್ದೂ ಹಳದಿಯಿಂದ ಕಪ್ಪಾಗುತ್ತೆ. ನೋಡಬೇಕಾದ್ದು ಬಾಯಿಯ ಗೆರೆ. ಮಧ್ಯಮದ್ದು ಕಣ್ಣಿನ ಕೆಳಗೇ ನಿಂತುಬಿಡುತ್ತೆ, ದೊಡ್ಡದರದ್ದು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತೆ.

ಈ ಒಂದು ವಾಕ್ಯ ನೀವು ಕೈಯಲ್ಲಿ ಹಿಡಿದಿರೋ ಪುಸ್ತಕದಲ್ಲಿ ಇದೆಯಾ? ಇದ್ರೆ ಚಿತ್ರದ ಎದುರಿಗೇ ಇದೆಯಾ, ಇಲ್ಲಾ ನೂರು ಪುಟ ಆಚೆಗಾ? ನಾಲ್ಕೂ ಬೆಳ್ಳಕ್ಕಿ ಒಂದೇ ಪುಟದಲ್ಲಿ, ಒಂದೇ ಅಳತೆಯಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆಯಾ? ಇಷ್ಟು ನೋಡಿದ್ರೆ ಸಾಕು. ಫೀಲ್ಡ್ ಗೈಡ್ ಅನ್ನೋದರ ಕೆಲಸ "ಇದು ಇಂಥ ಹಕ್ಕಿ" ಅಂತ ಹೇಳೋದಕ್ಕಿಂತ "ಇದು ಅದಲ್ಲ" ಅಂತ ಹೇಳೋದು. ಅಮೆರಿಕದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ತನ್ನ ಗೈಡ್ ತಂದಾಗ ಮಾಡಿದ್ದೂ ಅಷ್ಟೇ. ಒಂದೇ ಥರದ ಹಕ್ಕಿಗಳನ್ನ ಪಕ್ಕಪಕ್ಕ ನಿಲ್ಲಿಸಿ, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿಗೆ ಒಂದು ಗೆರೆ ಎಳೆದು ತೋರಿಸಿದ. ಅದಕ್ಕೂ ಮುಂಚೆ ಹಕ್ಕಿ ಗುರುತಿಸೋದು ಅಂದ್ರೆ ಬಹುಪಾಲು ಗುಂಡು ಹೊಡೆದು ಕೈಯಲ್ಲಿ ಹಿಡಿದು ನೋಡೋದು.

ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂದಿದ್ದು 1941ರಲ್ಲಿ. ಇವತ್ತು ಸಿಗೋದು 2002ರಲ್ಲಿ ಬಂದ 13ನೇ ಆವೃತ್ತಿ, ಅದರಲ್ಲಿ 538 ಹಕ್ಕಿಗಳಿವೆ. ಈ ಪುಸ್ತಕದ ಬಗ್ಗೆ ಮಾತಾಡುವಾಗ ಜನ ಸ್ವಲ್ಪ ಕೈ ಮುಗಿದೇ ಮಾತಾಡ್ತಾರೆ. ನಮ್ಮವರಿಗಂತೂ ಇನ್ನೂ ಒಂದು ಕಾರಣ ಇದೆ: ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರು ಅವರು, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗಿದ್ದು ಅವರ ಮಾತಿನಿಂದ. ಗೌರವ ಸರಿ. ಆದ್ರೆ ಪುಸ್ತಕವನ್ನ ಪುಸ್ತಕವಾಗಿ ನೋಡೋಣ.

ಅದರ ದೊಡ್ಡ ಶಕ್ತಿ ನನಗೆ ಕಂಡಿದ್ದು ಗಾತ್ರ ಹೇಳೋ ರೀತಿಯಲ್ಲಿ. ಸಲೀಂ ಅಲಿ ಓದುಗನಿಗೆ ಸೆಂಟಿಮೀಟರ್ ಅಳೆಯೋಕೆ ಬಿಡಲ್ಲ. ಗುಬ್ಬಚ್ಚಿಯಷ್ಟು, ಪಿಕಳಾರದಷ್ಟು, ಗೊರವಂಕಕ್ಕಿಂತ ತುಸು ದೊಡ್ಡದು, ಕಾಗೆಗಿಂತ ಚಿಕ್ಕದು, ಹದ್ದಿನಷ್ಟು. ಇದು ನಮ್ಮಪ್ಪ ಹೇಳೋ ರೀತಿ. ಐವತ್ತು ಅಡಿ ಎತ್ತರದ ತೆಂಗಿನ ಗರಿ ಮೇಲೆ ಕೂತ ಹಕ್ಕಿ 19 ಸೆಂಟಿಮೀಟರೋ 23 ಸೆಂಟಿಮೀಟರೋ ಅಂತ ಯಾವ ಇಂಜಿನಿಯರೂ ಹೇಳಲಾರ. ಆದ್ರೆ ಗೊರವಂಕಕ್ಕಿಂತ ಚಿಕ್ಕದು ಅಂತ ಹಳ್ಳಿ ಹುಡುಗ ಯಾರಾದ್ರೂ ಹೇಳ್ತಾನೆ. ಹೊಸ ಗೈಡುಗಳೆಲ್ಲ ಸೆಂಟಿಮೀಟರಿಗೆ ಹೋಗಿ ಈ ಸುಖವನ್ನ ಕಳಕೊಂಡಿವೆ.

ಎರಡನೇ ಶಕ್ತಿ, ಹಕ್ಕಿ ಏನು ಮಾಡುತ್ತೆ ಅಂತ ಬರೆಯೋದು. ಗೀಜಗದ ವಿಷಯ ತಗೊಳ್ಳಿ. ಗಂಡು ಗೂಡನ್ನ ಅರ್ಧ ಕಟ್ಟಿ ನಿಲ್ಲಿಸುತ್ತೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತೆ, ಒಪ್ಪಿದ್ರೆ ಮಾತ್ರ ಗೂಡು ಪೂರ್ತಿಯಾಗುತ್ತೆ, ಆಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತೆ. ಇದನ್ನ 1930ರಲ್ಲಿ ಕಿಹೀಮ್ ಎಂಬ ಕಡಲತೀರದ ಊರಲ್ಲಿ ಕೂತು ದಿನಗಟ್ಟಲೆ ನೋಡಿ ಕಂಡುಹಿಡಿದವರು ಅವರೇ. ಹಾಗೆ ಕೂತು ನೋಡಿದವರ ಬರಹಕ್ಕೆ ಬೇರೆ ರುಚಿ ಇರುತ್ತೆ.

ಕೊರತೆ? ಉಪಖಂಡದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಪುಸ್ತಕದಲ್ಲಿ 538. ಸಂಖ್ಯೆ ಕಡಿಮೆ ಅನ್ನೋದು ನನ್ನ ದೂರಲ್ಲ. ನೀವು ನೋಡಿದ ಹಕ್ಕಿ ಪುಸ್ತಕದಲ್ಲಿ ಇಲ್ಲ ಅಂತ ಪುಸ್ತಕ ನಿಮಗೆ ಹೇಳಲ್ಲ, ಅದು ದೂರು. ಹೊಸಬರು ಏನು ಮಾಡ್ತಾರೆ? ಇರೋದ್ರಲ್ಲೇ ಹತ್ತಿರ ಹತ್ತಿರ ಇರೋದಕ್ಕೆ ತಂದು ಕೂರಿಸ್ತಾರೆ. ಸುಲಭದ ಹಕ್ಕಿಗಳಲ್ಲಿ ತೊಂದರೆ ಇಲ್ಲ. ಚಳಿಗಾಲಕ್ಕೆ ಬರೋ ಕಂದು-ಹಸಿರಿನ ಪುಟಾಣಿ ಉಲಿಯಕ್ಕಿಗಳಲ್ಲಿ, ಹಾರ್ತಾ ಹೋಗೋ ಗಿಡುಗಗಳಲ್ಲಿ ಇದು ಕೆಲಸ ಕೆಡಿಸುತ್ತೆ.

ಹಾಗಾದ್ರೆ ಎಲ್ಲ ಹಕ್ಕಿ ಇರೋ ಪುಸ್ತಕ ತಗೊಂಡ್ರಾಯ್ತಲ್ಲ ಅಂತೀರಿ. ಅಲ್ಲಿಗೆ ಗ್ರಿಮ್ಮೆಟ್ ಬರ್ತಾರೆ. ರಿಚರ್ಡ್ ಗ್ರಿಮ್ಮೆಟ್, ಕರೋಲ್ ಇನ್‌ಸ್ಕಿಪ್, ಟಿಮ್ ಇನ್‌ಸ್ಕಿಪ್ ಸೇರಿ ಮಾಡಿದ 'ಬರ್ಡ್ಸ್ ಆಫ್ ದಿ ಇಂಡಿಯನ್ ಸಬ್‌ಕಾಂಟಿನೆಂಟ್' 1998ರಲ್ಲಿ ಬಂತು. ಅದು ಹೊರಲಾರದಷ್ಟು ದೊಡ್ಡದು. ಮರುವರ್ಷವೇ ಪಾಕೆಟ್ ಗೈಡ್ ಬಂತು (ಆ ಪಾಕೆಟ್ ಯಾವ ದೇಶದ ಪ್ಯಾಂಟಿನದ್ದೋ). 2011ರಲ್ಲಿ ಎರಡನೇ ಆವೃತ್ತಿ, ಚಿತ್ರದ ಎದುರು ಪುಟದಲ್ಲೇ ವಿವರ ಮತ್ತು ನಕ್ಷೆ. ಬೆಳ್ಳಕ್ಕಿ ಪರೀಕ್ಷೆಯಲ್ಲಿ ಇದು ಸಲೀಸಾಗಿ ಪಾಸು. ಗಂಡು, ಹೆಣ್ಣು, ಮರಿ, ಹಾರುವಾಗ, ಕೂತಾಗ, ಎಲ್ಲದರ ಚಿತ್ರ. ವಿವರ ಮಾತ್ರ ತಂತಿ ಸಂದೇಶದ ಥರ. ಓದೋ ಸುಖ ಇಲ್ಲ, ಇರಬೇಕಾಗೂ ಇಲ್ಲ. ನಾವು ದಿನಾ ಓದೋ ಟೆಕ್ನಿಕಲ್ ಡಾಕ್ಯುಮೆಂಟೇಶನ್ ಹಾಗೆಯೇ ಇರುತ್ತೆ.

ಆದರೂ ಹೊಸಬರಿಗೆ ಈ ದೊಡ್ಡ ಪುಸ್ತಕ ಕೊಡಿಸೋದು ನನಗೆ ಒಪ್ಪಿಗೆ ಇಲ್ಲ. ಹೆಬ್ಬಾಳ ಕೆರೆ ದಂಡೆ ಮೇಲೆ ನಿಂತವನಿಗೆ ಹಿಮಾಲಯದ ನೂರಾರು ಹಕ್ಕಿಗಳನ್ನ ಕೈಗೆ ಕೊಟ್ಟಂಗೆ ಅದು. ಪುಟ ತಿರುವುತ್ತಾ ಹೋದ್ರೆ ಏನಾಗುತ್ತೆ ಗೊತ್ತಾ? ಚಿತ್ರ ಹೊಂದಿತು ಅಂತ ಖುಷಿಯಾಗಿ ನೋಡಿದ್ರೆ ಅದು ಅರುಣಾಚಲ ಬಿಟ್ಟು ಈಚೆಗೆ ಬರದ ಹಕ್ಕಿ. ನಕ್ಷೆ ಇದೆ ನಿಜ, ಆದ್ರೆ ಕಣ್ಣು ಮೊದಲು ಹೋಗೋದು ಬಣ್ಣಕ್ಕೆ, ನಕ್ಷೆಗಲ್ಲ. ಕ್ರಿಸ್ ಕಾಜ್ಮೆರ್ಚಾಕ್ 2000ದಲ್ಲಿ ತಂದ ಗೈಡು ಪ್ರತಿ ಹಕ್ಕಿಗೂ ನಕ್ಷೆ ಎದುರಿಗೇ ಇಟ್ಟು ಈ ರೋಗಕ್ಕೆ ಮದ್ದು ಕೊಡೋಕೆ ನೋಡ್ತು. ಆದ್ರೆ ಚಿತ್ರಗಳು ಪುಟದಲ್ಲಿ ಸಿಟಿ ಬಸ್ಸಿನ ಥರ ತುಂಬಿಕೊಂಡಿವೆ.

ನಮಗೆ ಬೇಕಾದ್ದು ಗ್ರಿಮ್ಮೆಟ್ ಮತ್ತು ಟಿಮ್ ಇನ್‌ಸ್ಕಿಪ್ 2005ರಲ್ಲಿ ತಂದ 'ಬರ್ಡ್ಸ್ ಆಫ್ ಸದರ್ನ್ ಇಂಡಿಯಾ'. ಅದೇ ಕೈ, ಅದೇ ಶಿಸ್ತು, ಆದ್ರೆ ದಕ್ಷಿಣಕ್ಕೆ ಸೀಮಿತ. ಪ್ರೋಗ್ರಾಮರ್ ಭಾಷೆಯಲ್ಲಿ ಹೇಳೋದಾದ್ರೆ ಹುಡುಕೋ ಮುಂಚೆಯೇ ಫಿಲ್ಟರ್ ಹಾಕಿ ಕೊಟ್ಟಿದ್ದಾರೆ. ಜನ ಮಾತ್ರ ದೊಡ್ಡ ಪುಸ್ತಕದಲ್ಲಿ ಎಲ್ಲ ಇರುತ್ತಲ್ಲ ಅಂತ ದೊಡ್ಡದನ್ನೇ ತಗೋತಾರೆ. ಊರಲ್ಲಿ ದೀಪಾವಳಿಗೆ ಅಂಗಿ ತರುವಾಗ ಬೆಳೆಯೋ ಹುಡುಗ ಅಂತ ಎರಡು ಸೈಜು ದೊಡ್ಡದು ತರ್ತಿದ್ರಲ್ಲ, ಹಾಗೆ.

ನನ್ನ ಮಾನಿಟರ್ ಕೆಳಗಿರೋ ಎರಡು ಸಂಪುಟ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ಅವರ 'ಬರ್ಡ್ಸ್ ಆಫ್ ಸೌತ್ ಏಷ್ಯಾ'. 2005ರದ್ದು, 2012ರಲ್ಲಿ ಪರಿಷ್ಕರಣೆ ಆಗಿದೆ. ಇದನ್ನ ಹೊಲಕ್ಕೆ ಹೊತ್ಕೊಂಡು ಹೋಗೋದಲ್ಲ, ಮನೆಗೆ ಬಂದ ಮೇಲೆ ಜಗಳ ತೀರಿಸಿಕೊಳ್ಳೋದಕ್ಕೆ. ಕೂಗಿನ ಗ್ರಾಫ್ ಕೂಡ ಇದೆ. ಆದ್ರೆ ನನಗೆ ಈ ಪುಸ್ತಕದ ಮೇಲಿರೋ ಗೌರವಕ್ಕೆ ಕಾರಣ ಬೇರೆ. ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗೆನ್ ಮ್ಯೂಸಿಯಮ್ಮುಗಳಿಂದ ಹಕ್ಕಿ ಮಾದರಿಗಳನ್ನ ಕದ್ದು, ತಾನೇ ಹಿಡಿದಿದ್ದು ಅಂತ ಸುಳ್ಳು ಚೀಟಿ ಅಂಟಿಸ್ತಿದ್ದ. ಕಾಡುಗೂಬೆಯೊಂದರ ಮಾದರಿಯೂ ಹಾಗೇ ಆಗಿತ್ತು. 1914ರಲ್ಲಿ ಸಿಕ್ಕಿದ್ದು ಅಂತ ಬರೆದಿದ್ದ ಆ ಚೀಟಿ ನಂಬಿ ಹುಡುಕಿದವರು ತಪ್ಪು ಜಾಗದಲ್ಲಿ ಹುಡುಕಿದ್ರು. ರಾಸ್ಮುಸೆನ್ ಆ ಚೀಟಿ ಸುಳ್ಳು ಅಂತ ತೋರಿಸಿ, 1884ರ ಹಳೇ ನಿಜವಾದ ದಾಖಲೆ ಹಿಡಿದು ಜೊತೆಗಾರರ ಜೊತೆ ಹೊರಟ್ರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಕಾಡಿನಲ್ಲಿ ಆ ಗೂಬೆ ಕೂತಿತ್ತು. 113 ವರ್ಷ ಆದ್ಮೇಲೆ. ಕೆಟ್ಟ ಡೇಟಾ ಯಾವ ಮಟ್ಟಕ್ಕೆ ದಾರಿ ತಪ್ಪಿಸುತ್ತೆ ಅಂತ ನಮ್ಮ ಟೀಮಿನ ಹೊಸ ಹುಡುಗರಿಗೆ ನಾನು ಹೇಳೋ ಕಥೆ ಇದೇ.

ಈಗ ಆಪ್. ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಪುಕ್ಕಟೆ ಸಿಗುತ್ತೆ, ಫೋಟೋ ಕೊಟ್ರೆ ಹೆಸರು ಹೇಳುತ್ತೆ, ಕೂಗು ಕೇಳಿಸಿದ್ರೂ ಹೇಳುತ್ತೆ. ಅದನ್ನ ಹೀಗಳೆಯೋ ಪುಸ್ತಕಪ್ರೇಮಿಗಳ ಗುಂಪಿಗೆ ನಾನು ಸೇರಿದವನಲ್ಲ. ಅದರ ಹಿಂದಿರೋ ಕೆಲಸ ಎಷ್ಟು ದೊಡ್ಡದು ಅಂತ ನನಗೆ ಅಂದಾಜಿದೆ. ನನ್ನ ತಕರಾರು ಒಂದೇ: ಅದು ಉತ್ತರ ಕೊಡುತ್ತೆ, ಲೆಕ್ಕ ಮಾಡಿದ ದಾರಿ ತೋರಿಸಲ್ಲ. ಬಾಯಿ ಗೆರೆ ಕಣ್ಣು ದಾಟಿದ್ದಕ್ಕೆ ಇದು ದೊಡ್ಡ ಬೆಳ್ಳಕ್ಕಿ ಅಂತ ಹೇಳಲ್ಲ. ದೊಡ್ಡ ಬೆಳ್ಳಕ್ಕಿ ಅನ್ನುತ್ತೆ ಅಷ್ಟೇ. ಮುಂದಿನ ಸಲ ಮೊಬೈಲ್ ಚಾರ್ಜ್ ಇಲ್ಲದಿದ್ರೆ ನೀವು ಮೊದಲಿನ ಜಾಗದಲ್ಲೇ ಇರ್ತೀರಿ. ಕೂಗಿನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಎಲೆಹಕ್ಕಿ, ಭೀಮರಾಜ ಕಾಜಾಣಗಳು ಬೇರೆ ಹಕ್ಕಿಗಳ ಕೂಗನ್ನ ಅಚ್ಚುಕಟ್ಟಾಗಿ ನಕಲು ಮಾಡ್ತವೆ. ಮೊಬೈಲ್ ಎತ್ತಿ ಹಿಡಿದ್ರೆ ಶಿಕ್ರ ಇದೆ, ಪಿಕಳಾರ ಇದೆ ಅಂತ ಪಟ್ಟಿ ಬರಬಹುದು, ಮರದಲ್ಲಿ ಇರೋದು ಒಬ್ಬನೇ ಮಿಮಿಕ್ರಿ ಕಲಾವಿದ. ತಲೆ ಎತ್ತಿ ನೋಡಿದವನಿಗೆ ಮಾತ್ರ ಅದು ಗೊತ್ತಾಗೋದು.

ಶಿಕ್ರ ಅಂದಾಗ ನೆನಪಾಯ್ತು, ಒಳ್ಳೇ ಗೈಡುಗಳೂ ಎಡವೋ ಜಾಗ ಒಂದಿದೆ. ಹಿಂದಿಯವರು ಪಪೀಹಾ ಅನ್ನೋ ಕೋಗಿಲೆ ಜಾತಿಯ ಹಕ್ಕಿ ಥೇಟ್ ಶಿಕ್ರದ ವೇಷದಲ್ಲಿರುತ್ತೆ. ಅದೇ ಬೂದು ಬಣ್ಣ, ಅದೇ ಪಟ್ಟೆ ಬಾಲ, ಹಾರೋದೂ ಹಾಗೇ. ಅದು ಮೊಟ್ಟೆ ಇಡೋದು ಹರಟೆಮಲ್ಲಗಳ ಗೂಡಲ್ಲಿ. ಕೊಕ್ಕು ನೋಡಿದ್ರೆ ಗುಟ್ಟು ಬಯಲು: ಶಿಕ್ರದ್ದು ಕೊಂಡಿಯಂತೆ ಬಾಗಿದ ಕೊಕ್ಕು, ಇದರದ್ದು ನೆಟ್ಟಗಿನ ಸಾಧಾರಣ ಕೊಕ್ಕು. ಆದ್ರೆ ಗೈಡುಗಳು ಹಕ್ಕಿಗಳನ್ನ ವಂಶಾವಳಿ ಪ್ರಕಾರ ಜೋಡಿಸ್ತವೆ. ಕೋಗಿಲೆಗಳು ಒಂದು ಕಡೆ, ಗಿಡುಗಗಳು ಇನ್ನೊಂದು ಕಡೆ. ಶಿಕ್ರದ ಪುಟದಲ್ಲಿ ಒಂದು ಪುಟ್ಟ ಪಪೀಹಾ ಚಿತ್ರ ಹಾಕಿ "ಇವನ ಬಗ್ಗೆ ಎಚ್ಚರ" ಅಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ವಿಜ್ಞಾನಿಗೆ ವಂಶಾವಳಿ ಬೇಕು. ಮರದ ಕೆಳಗೆ ಕತ್ತು ನೋಯಿಸ್ಕೊಂಡು ನಿಂತಿರೋನಿಗೆ ಬೇಕಾದ್ದು ಅದಲ್ಲ.

ಫೋಟೋ ಗೈಡುಗಳ ಬಗ್ಗೆ ಎರಡೇ ಮಾತು. ಬಿಡಿಸಿದ ಚಿತ್ರ ಒಂದು ಜಾತಿಯನ್ನ ತೋರಿಸುತ್ತೆ, ಫೋಟೋ ಒಂದು ಹಕ್ಕಿಯನ್ನ, ಒಂದು ಬಿಸಿಲಿನಲ್ಲಿ, ಒಂದು ಕ್ಷಣದಲ್ಲಿ ತೋರಿಸುತ್ತೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕರೆಂಟ್ ತಂತಿ ಮೇಲೆ ಕೂತಾಗ ಮಂಕು ಕಂದು. ರೆಕ್ಕೆ ಬಿಚ್ಚಿದ್ರೆ ಎರಡು ಥರದ ನೀಲಿ ಸ್ಫೋಟ. ಎರಡನ್ನೂ ಅಕ್ಕಪಕ್ಕ ಇಡೋಕೆ ಕಲಾವಿದನಿಗೆ ಕಷ್ಟ ಇಲ್ಲ.

ಇಷ್ಟೆಲ್ಲ ಲೆಕ್ಕಾಚಾರ ನಿಜವಾಗಿ ಕೈಕೊಟ್ಟಿದ್ದು ಅಣ್ಣನ ಮಗಳು ಕೇಳಿದಾಗ. ಏಳನೇ ಕ್ಲಾಸು, ಊರಿನ ಕನ್ನಡ ಮೀಡಿಯಂ ಶಾಲೆ. "ಚಿಕ್ಕಪ್ಪ, ಹಕ್ಕಿ ನೋಡೋ ಪುಸ್ತಕ ಬೇಕು. ಕನ್ನಡದ್ದು." ಆಫೀಸಿನವರಿಗೆ ಥಟ್ಟಂತ ಹೇಳೋ ನಾನು ಅವಳಿಗೆ ಏನು ಹೇಳ್ಲಿ?

ತೇಜಸ್ವಿ ಇದ್ದಾರೆ. 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿ ಪುಕ್ಕ'. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಕನ್ನಡದಲ್ಲಿ ಹಕ್ಕಿ ಬಗ್ಗೆ ಹಾಗೆ ಬರೆದವರು ಅವರ ಮುಂಚೆಯೂ ಕಡಿಮೆ, ಆಮೇಲೂ ಕಡಿಮೆ. ಕಳ್ಳಿಪೀರ, ಟುವ್ವಿ, ಕುಟ್ರ, ಹರಟೆಮಲ್ಲ ಅನ್ನೋ ಹೆಸರುಗಳನ್ನ ನನ್ನಂಥ ಎಷ್ಟೋ ಜನ ಅಚ್ಚಿನಲ್ಲಿ ಮೊದಲು ನೋಡಿದ್ದು ಅಲ್ಲೇ. ಹಕ್ಕಿ ಮೇಲೆ ಹುಚ್ಚು ಹಿಡಿಸೋಕೆ ಅವಕ್ಕಿಂತ ಒಳ್ಳೇ ಪುಸ್ತಕ ಬೇಡ. ಆದ್ರೆ ಹುಚ್ಚು ಹಿಡಿದ ಮೇಲೆ ಕೆರೆ ದಂಡೆಯಲ್ಲಿ ನಿಂತು ನಾಲ್ಕು ಬೆಳ್ಳಕ್ಕಿ ಬೇರೆ ಮಾಡೋ ಕೆಲಸಕ್ಕೆ ಅವು ಮಾಡಿದ ಪುಸ್ತಕಗಳಲ್ಲ. ತೇಜಸ್ವಿ ಮೇಲಿನ ಅಭಿಮಾನದಲ್ಲಿ ನಾವು ಅವನ್ನೇ ಕನ್ನಡದ ಫೀಲ್ಡ್ ಗೈಡು ಅಂತ ಕರೆದು ಸಮಾಧಾನ ಮಾಡ್ಕೊಂಡಿದ್ದೀವಿ. ಅವರು 2007ರಲ್ಲಿ ಹೋದ್ರು. ಅವರು ಬಿಟ್ಟ ಜಾಗದಿಂದ ಮುಂದಕ್ಕೆ ತಗೊಂಡು ಹೋಗೋ ಕೆಲಸ ಅಭಿಮಾನಿಗಳದ್ದಾಗಿತ್ತು. ನಾವು ಅವರ ಮಾತುಗಳನ್ನ ಟೀ ಶರ್ಟ್ ಮೇಲೆ ಪ್ರಿಂಟ್ ಮಾಡಿಸಿದ್ವಿ.

ಕನ್ನಡದ ಹೆಸರು ಯಾಕೆ ಬೇಕು, ಇಂಗ್ಲಿಷಿನದ್ದೇ ಸಾಕಲ್ಲ ಅಂತ ಕೇಳೋರಿಗೆ ಒಂದು ವಿಷಯ. ಸಲೀಂ ಅಲಿ ಕಾಲದ ಕ್ರೋ ಫೆಸೆಂಟ್ ಈಗ ಗ್ರೇಟರ್ ಕೌಕಲ್. ಪರಯ್ಯಾ ಕೈಟ್ ಈಗ ಬ್ಲ್ಯಾಕ್ ಕೈಟ್. ಸ್ಮಾಲ್ ಗ್ರೀನ್ ಬೀ ಈಟರ್ ಆಮೇಲೆ ಗ್ರೀನ್ ಬೀ ಈಟರ್ ಆಗಿ, ಈಗ ಏಷ್ಯನ್ ಗ್ರೀನ್ ಬೀ ಈಟರ್ ಆಗಿದೆ. ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಇಲ್ಲದೆ ಬಿಡುಗಡೆಯಾಗೋ ಸಾಫ್ಟ್‌ವೇರ್ ಥರ. ನಮ್ಮ ಕೆಂಬೂತ ಕೆಂಬೂತವೇ, ಕಳ್ಳಿಪೀರ ಕಳ್ಳಿಪೀರವೇ. ಹಾಗಂತ ಊರಿನ ಹೆಸರೇ ಎಲ್ಲಕ್ಕೂ ಸಾಕು ಅಂತ ಎದೆ ತಟ್ಕೊಳ್ಳೋಹಾಗೂ ಇಲ್ಲ, ನಾಲ್ಕು ಹಕ್ಕಿಗೆ ಒಂದೇ ಬೆಳ್ಳಕ್ಕಿ ಅಂದವರು ನಾವೇ. ಇಂಗ್ಲಿಷ್ ಹೆಸರನ್ನ ಪದಕ್ಕೆ ಪದ ಕನ್ನಡಿಸಿ ಮಾಡಿದ ಹೆಸರುಗಳೂ ಈಚೆಗೆ ಬರ್ತಿವೆ. ಅವನ್ನ ನಮ್ಮಪ್ಪನ ಮುಂದೆ ಓದಿದ್ರೆ ಯಾವುದೋ ಔಷಧಿ ಹೆಸರು ಅಂದ್ಕೋತಾರೆ.

ಕೊನೆಗೆ ಅವಳಿಗೆ ತೇಜಸ್ವಿಯವರ 'ಮಿಂಚುಳ್ಳಿ'ಯ ಜೊತೆಗೆ 'ಬರ್ಡ್ಸ್ ಆಫ್ ಸದರ್ನ್ ಇಂಡಿಯಾ' ಕೊಟ್ಟೆ. ಇಂಗ್ಲಿಷ್ ವಿವರ ಅವಳಿಗೆ ಕಷ್ಟ, ಆದ್ರೆ ಚಿತ್ರಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಕೊಡೋ ಮುಂಚೆ ಎರಡು ಭಾನುವಾರ ಅಪ್ಪನ ಪಕ್ಕ ಕೂತು ಒಂದೊಂದೇ ಪುಟ ತೋರಿಸಿ, ಅವರು ಹೇಳಿದ ಹೆಸರನ್ನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದೆ. ಟಿಟ್ಟಿಭದ ಪಕ್ಕ ತೇನೆಹಕ್ಕಿ. ಕೆಂಬೂತಕ್ಕೆ ಅಪ್ಪ ರತ್ನಪಕ್ಷಿ ಅಂದ್ರು, ಅಮ್ಮ ಒಳಗಿಂದ ಸಂಬಾರಗಾಗೆ ಅಂದ್ರು, ಎರಡೂ ಬರೆದೆ. ಬುಡುಬುಡಿಕೆಯವರ ಹಾಲಕ್ಕಿ ಯಾವುದು ಅನ್ನೋದ್ರಲ್ಲಿ ಮಾತ್ರ ಜಗಳ ಬಂತು. ಪುಸ್ತಕದವರು ಅದನ್ನ ಚುಕ್ಕೆ ಗೂಬೆ ಅಂತಾರೆ, ಅಪ್ಪ ಒಪ್ಪಲಿಲ್ಲ. ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಬೆಳ್ಳಕ್ಕಿ ಪುಟದಲ್ಲಿ ನಾಲ್ಕಕ್ಕೂ ಬೆಳ್ಳಕ್ಕಿ ಅಂತಲೇ ಬರೆಸಿದ್ರು, ಬಾಯಿ ಗೆರೆಯ ವಿಷಯ ನಾನು ಕೆಳಗೆ ಕನ್ನಡದಲ್ಲಿ ಸೇರಿಸಿದೆ.

ಉಲಿಯಕ್ಕಿಗಳ ಪುಟ ಬಂದಾಗ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ನೋಡಿದ್ರು. "ಇವೆಲ್ಲ ಒಂದೇ ಅಲ್ಲೇನೋ?" ಅಂದ್ರು. ಅಲ್ಲ ಅಂದೆ. "ಹಂಗಾದ್ರೆ ನೀವೇ ಇಟ್ಕಳಿ ಹೆಸ್ರ" ಅಂತ ಎದ್ದು ಹೋದ್ರು. ಅವಳು ಹೋದ ತಿಂಗಳು ಫೋನ್ ಮಾಡಿದಾಗ ಆ ಪುಟದಲ್ಲಿ ಒಂದಕ್ಕೆ ಹೆಸರು ಬರೆದಿದ್ದೀನಿ ಅಂದ್ಲು. ಏನು ಅಂತ ಕೇಳಿದ್ರೆ ಹೇಳ್ಲಿಲ್ಲ, ಊರಿಗೆ ಬಂದಾಗ ನೋಡು ಅಂದ್ಲು.